ದ್ವಾರಕಾನಾಥರ ಅಂಗಳದ ಬೀಸುಕಲ್ಲು

ದ್ವಾರಕಾನಾಥರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಈ ಪರದೇಶದಲ್ಲಿ, ಕರ್ಕ್‌ಲ್ಯಾಂಡ್ ಎಂಬ ಊರಿನ ಅವರ ಮನೆಯಲ್ಲಿ ಟೀವಿಯ ಸದ್ದಿನಿಂದ ಹಿಡಿದು ಸಾರಿನ ಉಪ್ಪಿನವರೆಗೆ ಎಲ್ಲಕ್ಕೂ ಅವರ ಅಪ್ಪಣೆ ಬೇಕು. ನಾನು ಅಲ್ಲಿಗೆ ಹೋಗುತ್ತಿದ್ದದ್ದು ಅವರ ಹೆಂಡತಿ ವೇದಾಳಿಗಾಗಿ. ಅವಳು ಮೈಸೂರಿನಲ್ಲಿ ನನ್ನ ಜೊತೆ ಓದಿದವಳು.

ನಾನು ಇಲ್ಲಿನ ಯೂನಿವರ್ಸಿಟಿಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸುಮಾರು ಸಾವಿರ ವರ್ಷದ ಹಿಂದೆ ಕಡಲಾಚೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಹಳ್ಳಿಯವರ ಬದುಕು ಏನಾಯಿತು ಅನ್ನುವುದು ನನ್ನ ವಿಷಯ. ಕಳೆದ ಚಳಿಗಾಲದಲ್ಲಿ ಕನ್ನಡದವರೆಲ್ಲ ಅವರ ಮನೆಯಲ್ಲಿ ಸೇರಿದಾಗ ಅದರ ಬಗ್ಗೆ ಮಾತಾಡಿ ಅಂದರು. ನಾನು ಬೀಸುಕಲ್ಲಿನ ಕಥೆ ಹೇಳಿದೆ. ಜಮೀನಿನ ಒಡೆಯನ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕು, ಅದರಲ್ಲೊಂದು ಪಾಲು ಅಲ್ಲೇ ಬಿಟ್ಟು ಬರಬೇಕು. ಮನೆಯಲ್ಲಿ ಬೀಸಿಕೊಂಡರೆ ತಪ್ಪು. ನಾರ್ಮನ್ನರು ಗೆದ್ದು ಇನ್ನೂರೈವತ್ತು ವರ್ಷ ಕಳೆದರೂ ಈ ಕಟ್ಟಳೆ ಸಡಿಲವಾಗಿರಲಿಲ್ಲ. ಸೇಂಟ್ ಆಲ್ಬನ್ಸ್ ಎಂಬ ಊರಿನ ಮಠಾಧಿಪತಿಯಂತೂ ಮನೆಮನೆಯ ಬೀಸುಕಲ್ಲು ಕಸಿದು ತರಿಸಿ ತನ್ನ ಮಠದ ನೆಲಕ್ಕೆ ಹಾಸಿಸಿದ.

"ಬುದ್ಧಿವಂತರು ಕಣ್ರೀ ಆ ಸ್ವಾಮಿಗಳು," ಎಂದು ದ್ವಾರಕಾನಾಥರು ನಕ್ಕರು. "ಸರಿ, ಊಟಕ್ಕೆ ಏಳೋಣ."

ಕಥೆ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ತಟ್ಟೆ ಹಿಡಿದರು.

ತೋರಿಸಲೆಂದು ನನ್ನ ಬೀಸುಕಲ್ಲನ್ನು ಒಯ್ದಿದ್ದೆ. ನಮ್ಮತ್ತೆ ಸೀರೆಗಳನ್ನೆಲ್ಲ ಬಿಟ್ಟು ಸೂಟ್‌ಕೇಸಿನಲ್ಲಿ ತಂದ ಪುಟ್ಟ ಜೋಡಿ ಕಲ್ಲು ಅದು. ವೇದಾ ಅದರ ಹಿಡಿ ಹಿಡಿದು ತಿರುಗಿಸುತ್ತಾ ಕೂತಳು.

"ಸ್ವಲ್ಪ ದಿನ ಇಲ್ಲೇ ಇರಲಿ ಕಣೇ. ಮೈತ್ರಿ ಮಗೂಗೆ ರಾಗಿ ಸರಿ ನಾನೇ ಬೀಸಿ ಕೊಡ್ತೀನಿ," ಅಂದಳು. ಮೈತ್ರಿ ಅವಳ ಮಗಳು. ಬೇರೆ ಯಾರು ಕೇಳಿದ್ದರೂ ಆ ಕಲ್ಲು ಕೊಡುತ್ತಿರಲಿಲ್ಲ.

ಕೆಲವು ವಾರ ಫೋನಿನಲ್ಲಿ ಬರೀ ಬೀಸುವ ಮಾತೇ. ಆಮೇಲೆ ಅದು ನಿಂತೇಹೋಯಿತು. ಕೆದಕಿ ಕೇಳಿದರೆ, "ಇವರು ಮೀಟಿಂಗಲ್ಲಿದ್ದಾಗ ಸದ್ದು ಕೇಳುತ್ತಂತೆ. ಬ್ಲೆಂಡರ್ ತಂದುಕೊಟ್ಟಿದಾರೆ," ಅಂದಳು. ಹಾಗಾದರೆ ವಾಪಸ್ ಕೊಡು ಅಂದೆ. ಕೊಡ್ತೀನಿ, ಕೊಡ್ತೀನಿ ಎಂದು ದಿನ ತಳ್ಳಿದಳು.

ಬೇಸಿಗೆಯಲ್ಲಿ ದ್ವಾರಕಾನಾಥರು ಹಿತ್ತಿಲ ಅಂಗಳಕ್ಕೆ ಹೊಸದಾಗಿ ಕಲ್ಲು ಹಾಸಿಸಿ ನಮ್ಮನ್ನೆಲ್ಲ ಕರೆದರು. ಹೋಗಿ ನೋಡಿದರೆ ಆ ಹಾಸಿನ ನಟ್ಟನಡುವೆ ನನ್ನ ಬೀಸುಕಲ್ಲಿನ ಕೆಳಗಿನ ಕಲ್ಲು. ನಡುವಿನ ಗೂಟ ಕಿತ್ತು ತೂತಿಗೆ ಸಿಮೆಂಟು ತುಂಬಿದ್ದರು. ಯಾರೋ ಅದರ ಮೇಲೆ ಬೂಟುಕಾಲಲ್ಲಿ ನಿಂತು ಬಿಯರ್ ಕುಡಿಯುತ್ತಿದ್ದ. ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕಲ್ಲದು. ನನಗೆ ಮೈಯೆಲ್ಲ ಉರಿದುಹೋಯಿತು.

"ಇದು ನನ್ನ ಕಲ್ಲು," ಅಂದೆ.

"ನಿಮ್ಮ ಲೆಕ್ಚರಿಂದಾನೇ ಐಡಿಯಾ ಬಂತು ಮಧುರಾ," ಅಂದರು ದ್ವಾರಕಾನಾಥರು. "ಸರ್‌ಪ್ರೈಸ್ ಕೊಡೋಣ ಅಂತಿದ್ದೆ."

"ಯಾರನ್ನ ಕೇಳಿ ಹಾಕಿಸಿದ್ರಿ?"

"ನಮ್ಮನೇಲಿರೋದಕ್ಕೆ ಯಾರನ್ನ ಕೇಳ್ಬೇಕು? ಈ ದೇಶಕ್ಕೆ ಬಂದು ಯಾರ್ರೀ ಬೀಸ್ತಾರೆ?" ಎಂದು ಆ ಕಡೆ ತಿರುಗಿದರು. "ವೇದಾ, ಚಟ್ನಿ ತಾ."

ಪಕೋಡದ ತಟ್ಟೆ ಹಿಡಿದಿದ್ದ ವೇದಾ ಅದನ್ನು ಕೆಳಗಿಟ್ಟು ಒಳಗೆ ಹೊರಟಳು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಗ್ಯಾರೇಜಿಗೆ ಹೋಗಿ ಹಾರೆ, ಸುತ್ತಿಗೆ ತಂದು ಕಲ್ಲಿನ ಸುತ್ತ ಮೀಟತೊಡಗಿದೆ.

"ಪೊಲೀಸಿಗೆ ಕಾಲ್ ಮಾಡ್ತೀನಿ," ಎಂದು ದ್ವಾರಕಾನಾಥರು ಕೂಗಾಡಿದರು.

"ಮಾಡಿ."

ಇಡಿಯಾಗಿ ಎತ್ತಿಕೊಂಡು ಹೋಗಬೇಕೆಂದಿದ್ದೆ. ಸಿಮೆಂಟು ಬಿಡಲಿಲ್ಲ. ಹಾರೆಯ ಪೆಟ್ಟಿಗೆ ಕಲ್ಲೇ ಒಡೆದು ಹೋಳಾಯಿತು. ಅತ್ತೆಯ ನೆನಪಾಗಿ ನನಗೆ ಅಳು ಬಂತು, ಸಿಟ್ಟು ಇನ್ನೂ ಹೆಚ್ಚಾಯಿತು.

"ಅವತ್ತು ಕಥೆ ಮುಗಿಯೋಕ್ ಮುಂಚೆ ಊಟಕ್ಕೆ ಎಬ್ಬಿಸಿದ್ರಿ," ಅಂದೆ. "ಮಿಕ್ಕಿದ್ದು ಈಗ ಕೇಳಿ. ಆ ಊರವರು ಎರಡು ತಲೆಮಾರು ಹಲ್ಲು ಕಚ್ಕೊಂಡಿದ್ರು. ಆಮೇಲೆ ಒಂದಿನ ದಂಗೆ ಎದ್ದು ಮಠಕ್ಕೆ ನುಗ್ಗಿದ್ರು. ನೆಲ ಅಗೆದು ಕಲ್ಲು ತೆಗೆದ್ರು, ಒಡೆದು ಒಬ್ಬೊಬ್ಬರಿಗೂ ಒಂದೊಂದು ಚೂರು ಹಂಚಿದ್ರು, ಪ್ರಸಾದ ಹಂಚೋ ಹಾಗೆ. ತಗೊಳ್ಳಿ."

ಚೂರುಗಳನ್ನು ಕೈಯಲ್ಲಿ ಚಾಚಿದೆ. ಒಬ್ಬರೂ ಮುಂದೆ ಬರಲಿಲ್ಲ. ಆಗಿನಿಂದ ಹರಟುತ್ತಿದ್ದವರೆಲ್ಲ ಫೋನು ನೋಡುತ್ತಾ ನಿಂತರು. ಥೂ, ಇವರಿಗೆಲ್ಲ ಇತಿಹಾಸ ಬೇರೆ ಕೇಡು ಅನ್ನಿಸಿತು.

ಅಷ್ಟರಲ್ಲಿ ಚಟ್ನಿ ಹಿಡಿದು ಬಂದ ವೇದಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

"ನನ್ನ ಪಾಲು ಕೊಡು," ಅಂದಳು. ಕೊಟ್ಟೆ. ಕಣ್ಣಿಗೊತ್ತಿಕೊಂಡಳು.

"ವೇದಾ, ಒಳಗೆ ಹೋಗು."

ಅವಳು ಹೋಗಲಿಲ್ಲ. ಗಂಡನ ಕಡೆ ತಿರುಗಿ, "ಮೇಲಿನ ಕಲ್ಲು ಎಲ್ಲಿಟ್ಟಿದೀರ್ರೀ?" ಎಂದು ಕೇಳಿದಳು. ಅವಳು ಅವರನ್ನು ಪ್ರಶ್ನೆ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ದ್ವಾರಕಾನಾಥರು ಸುತ್ತಲಿದ್ದವರನ್ನು ನೋಡಿದರು. "ಶೆಡ್ಡಲ್ಲಿದೆ," ಅಂದರು.

"ತಂದ್ಕೊಡಿ. ಕೆಳಗಿನದನ್ನ ಮೈಸೂರಿಂದ ತರಿಸ್ಕೋತೀನಿ."

ಅವರು ಶೆಡ್ಡಿನ ಕಡೆ ನಡೆದರು.