ಸಕ್ಕರೆ ನಿಷೇಧಿಸಿದ ಶೆಡ್ಡು

ನಮ್ಮ ಶೆಡ್ಡಿನಲ್ಲಿ ಸಕ್ಕರೆ ಇಲ್ಲ. ಇದು ಭಾವನವರ ಕಾನೂನು. ಕಬ್ಬಿನ ಸಿಪ್ಪೆಗೆ ಸುಣ್ಣ, ಸ್ವಲ್ಪ ಸಿಮೆಂಟ್ ಕಲಸಿ ಅವರು ಗೋಡೆಗೆ ಅಗ್ಗದ ಬ್ಲಾಕು ಮಾಡುತ್ತಾರೆ. ಸಿಪ್ಪೆಯಲ್ಲಿ ಚೂರು ಸಿಹಿ ಉಳಿದರೂ ಸಿಮೆಂಟ್ ಗಟ್ಟಿಯಾಗುವುದಿಲ್ಲ. ಅದು ನಿಜ, ಒಪ್ಪಿದೆ. ಆದರೆ ನನ್ನ ಚಹಾ ಏನು ಪಾಪ ಮಾಡಿತ್ತು? ಕೇಳಿದರೆ, "ಒಂದು ತೊಟ್ಟು ಚೆಲ್ಲಿದ್ರೂ ಎಡವಟ್ಟು ಕಣೋ" ಎನ್ನುತ್ತಾರೆ.

ಸಿಪ್ಪೆ ತೊಳೆಯುವವಳು ಅಕ್ಕ. ಸುಣ್ಣದ ನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ತೊಳೆದು, ಕೊನೆಗೆ ನಾಲಿಗೆಗೆ ತಾಗಿಸಿ ನೋಡುತ್ತಾಳೆ. ಸಪ್ಪೆ ಎನಿಸಿದ ಮೇಲೆಯೇ ಒಣಹಾಕುವುದು. ಅವಳ ಬೆರಳುಗಳೆಲ್ಲ ಬಿರುಕುಬಿಟ್ಟಿವೆ.

ಅಕ್ಕ-ಭಾವನವರ ಅಡುಗೆಮನೆಯ ಹಿಂಗೋಡೆ ಬಿದ್ದು ತಿಂಗಳುಗಳಾದವು. ಅಲ್ಲಿ ಟಾರ್ಪಾಲು ಕಟ್ಟಿದೆ, ಗಾಳಿ ಬಂದಾಗಲೆಲ್ಲ ಒಲೆ ಆರುತ್ತದೆ. ಗೋಡೆ ಕಟ್ಟಿಕೊಡುತ್ತೇನೆಂದು ಪಕ್ಕದ ಬೀದಿಯ ಇಟ್ಟಿಗೆಯವನು ತಾನೇ ಮುಂದೆ ಬಂದ, ಭಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಬ್ಲಾಕು ಮಾಡೋನ ಮನೆಗೇ ಬೇರೆ ಇಟ್ಟಿಗೆ ಹಾಕಿದ್ರೆ ನನ್ನ ಮಾಲು ಯಾರು ನಂಬ್ತಾರೆ?" ಅಕ್ಕನೂ ತಲೆಯಾಡಿಸಿದಳು. ಬ್ಲಾಕು ಗಟ್ಟಿತನದ ಪರೀಕ್ಷೆಯಲ್ಲಿ ಪಾಸಾದರೆ ಮೊದಲ ಗೋಡೆ ಅವಳದೇ.

ಇವತ್ತು ಪರೀಕ್ಷೆ. ಬ್ಲಾಕನ್ನು ಒತ್ತಿ ನೋಡುವ ಯಂತ್ರಕ್ಕೆ ಕೆಲಸವೇ ಬೀಳಲಿಲ್ಲ. ಪರೀಕ್ಷಕ ಕೈಯಲ್ಲಿ ಎತ್ತುತ್ತಿದ್ದಂತೆ ಬ್ಲಾಕಿನ ಮೂಲೆ ಉದುರಿತು.

"ಒಳಗೆ ಸಿಮೆಂಟು ಹಿಡಿದೇ ಇಲ್ವಲ್ರೀ," ಎಂದು ಅವನು ಕೈ ಕೊಡವಿಕೊಂಡ.

ಮೊದಲಿನ ಮಾದರಿಗಳು ಕಲ್ಲಿನಂತಿದ್ದವು. ಶೆಡ್ಡಿಗೆ ಬಂದವರೇ ಭಾವ ಅಕ್ಕನ ಮೇಲೆ ಹರಿಹಾಯ್ದರು. "ನೀನು ಸರಿಯಾಗಿ ತೊಳೆದಿಲ್ಲ."

ಅಕ್ಕ ರಾಶಿಯಿಂದ ಒಂದು ಹಿಡಿ ಸಿಪ್ಪೆ ತೆಗೆದು ಅವರ ಮುಂದೆ ಹಿಡಿದಳು. ಅವರು ಬಾಯಿಗಿಟ್ಟು ನೋಡಿದರು. ಸಪ್ಪೆ.

"ಹಾಗಾದ್ರೆ ಇವನು ಕದ್ದು ಸಿಹಿ ಚಹಾ ತಂದು ಚೆಲ್ಲಿದಾನೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಬಿಟ್ಟರೆ ಸಂಬಂಧ ಕೆಡುತ್ತದೆಂದು ಮುಖ ತೊಳೆಯಲು, ಸಿಮೆಂಟ್ ಕಲಸುವ ನೀರಿನ ಡ್ರಮ್ಮಿನ ಹತ್ತಿರ ಹೋದೆ. ಅದರ ಅಂಚಿನುದ್ದಕ್ಕೂ ಇರುವೆ.

"ಭಾವ, ಈ ಹೊಸ ಡ್ರಮ್ಮು ಎಲ್ಲಿಂದ ತಂದ್ರಿ?"

"ಗುಜರಿಯಿಂದ. ಶರಬತ್ತಿನ ಕಾರ್ಖಾನೇದಂತೆ. ಯಾಕೆ, ನೀರು ಹಾಕಿ ಒಂದ್ಸಲ ಕುಲುಕಿದೀನಲ್ಲ..."

ನಾನು ಡ್ರಮ್ಮು ವಾಲಿಸಿ, ಭುಜದವರೆಗೂ ಕೈ ಇಳಿಸಿ ತಳ ಕೆರೆದೆ. ಬೆರಳಿಗೆ ಅಂಟಂಟು ಬಂತು. ಅದನ್ನೇ ಅವರ ಮುಂದೆ ಹಿಡಿದೆ. "ನೆಕ್ಕಿ ನೋಡಿ."

ಅವರು ನೆಕ್ಕಲಿಲ್ಲ. "ಡ್ರಮ್ಮು ಬದಲಾಯಿಸಿ ಇನ್ನೊಂದ್ಸಲ ಮಾಡೋಣ. ಇವಳು ತೊಳೆದುಕೊಟ್ರೆ..."

"ನಾನು ತೊಳೆಯಲ್ಲ," ಎಂದಳು ಅಕ್ಕ. ಆಮೇಲೆ ನನ್ನತ್ತ ತಿರುಗಿ, "ಇಟ್ಟಿಗೆಯವನಿಗೆ ನಾಳೆ ಬಾ ಅಂತ ಹೇಳ್ಬಿಟ್ಟು ಬಾ" ಎಂದಳು.

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಚಪ್ಪಲಿ ಮೆಟ್ಟುವಾಗ ಅಡುಗೆಮನೆಯ ಟಾರ್ಪಾಲಿನ ಹಿಂದಿನಿಂದ ಅವಳ ದನಿ ಕೇಳಿತು. "ನಾನು ತೊಳೆದಿದ್ದು ಸರಿಯಾಗೇ ಇತ್ತು ಅಲ್ವೇನೋ?"

"ಸರಿಯಾಗೇ ಇತ್ತು ಅಕ್ಕ."

ಇಣುಕಿ ನೋಡಿದೆ. ತೊಳೆದು ಒಣಗಿಸಿದ ಸಿಪ್ಪೆಯನ್ನು ಹಿಡಿಹಿಡಿಯಾಗಿ ಒಲೆಗೆ ಹಾಕುತ್ತಿದ್ದಳು.