ಅಕ್ಕನ ಕಾವಲು

ನಮ್ಮಕ್ಕನಿಗೆ ಬುಟ್ಟಿಗೆ ಬಾಲ್ ಹಾಕೋಕೆ ಬರಲ್ಲ. ಸುಳ್ಳಲ್ಲ, ಬೇಕಾದರೆ ಅವಳನ್ನೇ ಕೇಳಿ. ಇನ್ನೊಬ್ಬರು ಹಾಕದ ಹಾಗೆ ನೋಡಿಕೊಳ್ಳೋದೇ ಅವಳ ಕಸುಬು. ಅವಳ ಯೂನಿವರ್ಸಿಟಿ ಬ್ಯಾಸ್ಕೆಟ್‌ಬಾಲ್ ಟೀಮೇ ಹಾಗೆ, ಎದುರಿನವರನ್ನು ನಲವತ್ತಕ್ಕೆ ಕಟ್ಟಿಹಾಕಿ ತಾವು ನಲವತ್ತೊಂದಕ್ಕೆ ಗೆಲ್ಲೋ ಜಿಪುಣರು. ನೋಡೋಕೆ ಬಂದವರು ಕೂತಲ್ಲೇ ಆಕಳಿಸ್ತಾರೆ. ನಮ್ಮ ಯೂನಿವರ್ಸಿಟಿಯದ್ದು ಬೇರೆ ದಾರಿ. ಬಾಲ್ ಸಿಕ್ಕಿತೋ, ಓಡು, ಹೊಡಿ. ಅವರು ತೊಂಬತ್ತು ಹೊಡೆದರೆ ಹೊಡ್ಕೊಳ್ಳಲಿ, ನಾವು ನೂರು ಹೊಡೀತೀವಿ. ಬಾಲ್ ಹಾಕದವಳು ಬೆಂಚಿಗೆ, ಇದು ನಮ್ಮ ಕೋಚ್ ಸರ್ ಕಾನೂನು. ಆ ನೂರರಲ್ಲಿ ಮೂವತ್ತು ನಂದೇ ಇರುತ್ತಿತ್ತು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ನನಗೇನು.

ಸೆಮಿಫೈನಲ್ ಹತ್ತಿರ ಬಂದಾಗ ನನ್ನ ಬಲ ಮೊಣಕಾಲು ಊದಿಕೊಂಡಿತು. ಒಳಗಿನ ಲಿಗಮೆಂಟು ಅನ್ನೋ ಹುರಿ ಅರ್ಧ ಹರಿದಿದೆ, ಓಡ್ತಾ ಓಡ್ತಾ ಗಕ್ಕನೆ ತಿರುಗಿದರೆ ಪೂರ್ತಿ ಹೋಗುತ್ತೆ, ಆಮೇಲೆ ಆಟದ ಮಾತೇ ಇಲ್ಲ ಅಂದರು ಡಾಕ್ಟರು. ಆದರೆ ರಾಷ್ಟ್ರೀಯ ತಂಡದ ಆಯ್ಕೆದಾರರು ಬರೋದು ಆ ಒಂದೇ ಮ್ಯಾಚಿಗೆ. ಸರ್ ಮುಂದೆ ಅತ್ತು ಕರೆದು ಒಪ್ಪಿಸಿದೆ. ದೂರದಲ್ಲೇ ನಿಂತು ಹೊಡೀತೀನಿ, ಹತ್ತು ಪಾಯಿಂಟ್ ಆದ ಕೂಡಲೇ ಎದ್ದು ಬಂದು ಕೂರ್ತೀನಿ ಅಂದೆ. ಸರ್ ಒಪ್ಪಿದರು. "ಆದರೆ ಯಾರ ಕಿವಿಗೂ ಬೀಳಬಾರದು. ಹತ್ತಕ್ಕೆ ಕೂರ್ತೀಯ ಅಂತ ಗೊತ್ತಾದರೆ ಎದುರು ಟೀಮಿನವರು ಸುಮ್ಮನೆ ಕಾದು ಆಮೇಲೆ ನಮ್ಮನ್ನ ತಿಂದು ಹಾಕ್ತಾರೆ" ಅಂದರು. ಎದುರು ಟೀಮು ಅಂದರೆ ಅಕ್ಕನ ಟೀಮು.

ಮ್ಯಾಚಿನ ದಿನ ಬೆಳಗ್ಗೆ ಅಕ್ಕ ನನ್ನ ಹಾಸ್ಟೆಲ್ ರೂಮಿಗೆ ನುಗ್ಗಿದಳು. ಬಾಗಿಲು ತಟ್ಟೋ ಅಭ್ಯಾಸ ಹುಟ್ಟಿದಾಗಿನಿಂದ ಅವಳಿಗಿಲ್ಲ. ನಾನು ಮಂಚದ ಮೇಲೆ ಕಾಲು ಚಾಚಿ ಮೊಣಕಾಲಿಗೆ ಐಸ್ ಚೀಲ ಇಟ್ಟುಕೊಂಡಿದ್ದೆ. ಚೀಲ ಎತ್ತಿ ನೋಡಿದಳು, ಎರಡು ಬೆರಳಲ್ಲಿ ಒತ್ತಿದಳು. ನನಗೆ ಜೀವ ಬಾಯಿಗೆ ಬಂತು.

"ಡಾಕ್ಟರ್ ಏನಂದ್ರು?"

ಹೇಳಿದೆ. ಅವಳ ಹತ್ತಿರ ಸುಳ್ಳು ನಡೆಯಲ್ಲ.

"ತಲೆ ನೆಟ್ಟಗಿದೆಯಾ ನಿಂಗೆ? ಆಡಬೇಡ ಕಣೇ, ಕಾಲಿಗೆ ಬೀಳ್ತೀನಿ."

"ಹೋಗೇ, ದೊಡ್ಡ ಡಾಕ್ಟರಮ್ಮ! ನೀನು ನಿನ್ನ ಟೀಮ್ ನೋಡ್ಕೋ."

ಹತ್ತು ಪಾಯಿಂಟಿನ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಅಕ್ಕ ಹೌದು, ಆದರೆ ಅವತ್ತಿಗೆ ಎದುರಿನವಳು. ಅವಳು ಎದ್ದು ಹೋದಳು.

ಸಂಜೆ ಅಂಕಣಕ್ಕೆ ಇಳಿದರೆ ನನ್ನ ಕಾವಲಿಗೆ ಅವಳೇ. ಅಬ್ಬಾ, ಅದೇನು ಆಟ! ಬಾಲ್ ಯಾರ ಕೈಯಲ್ಲಿದೆ ಅಂತ ನೋಡುವ ಗೊಡವೆಯೇ ಇಲ್ಲ ಅವಳಿಗೆ, ಉಡದ ಹಾಗೆ ನನಗೇ ಅಂಟಿಕೊಂಡಳು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನನ್ನ ಕಡೆಗೆ ಬಂದ ಬಾಲಿಗೆಲ್ಲ ಅವಳ ಕೈ ಅಡ್ಡ. ದೂರದಲ್ಲಿ ನಿಂತು ಹೊಡೆಯೋದು ಹಾಗಿರಲಿ, ಬಾಲ್ ಮುಟ್ಟೋಕೂ ಬಿಡಲಿಲ್ಲ. ಮೊದಲ ಕ್ವಾರ್ಟರ್ ಮುಗಿದಾಗ ನನ್ನದು ಸೊನ್ನೆ. ಮೇಲಿನ ಸಾಲಲ್ಲಿ ಕೂತಿದ್ದ ಅಪ್ಪ ಯಾರ ಕಡೆ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಕೈ ಕಟ್ಟಿಕೊಂಡಿದ್ದರು.

ನನ್ನ ಮೈ ಉರಿದು ಹೋಯಿತು. ಹೊಟ್ಟೆಕಿಚ್ಚು ಕಣ್ರೀ, ಇನ್ನೇನು! ಇಷ್ಟು ವರ್ಷ ಪೇಪರಲ್ಲಿ ನನ್ನ ಫೋಟೋ ಬಂದಿದ್ದಕ್ಕೆ ಇವತ್ತು ಆಯ್ಕೆದಾರರ ಮುಂದೆ ಸೇಡು ತೀರಿಸಿಕೊಳ್ತಿದ್ದಾಳೆ ಅಂತಲೇ ಅಂದುಕೊಂಡೆ. ಸರ್ ಬೆಂಚು ತೋರಿಸಿದರು. "ಇನ್ನೊಂದು ಸಲ ಸರ್, ಒಂದೇ ಒಂದು ಸಲ" ಅಂತ ಗೋಗರೆದು ಮತ್ತೆ ಇಳಿದೆ. ನನ್ನನ್ನು ನೋಡಿದ ಕೂಡಲೇ ಅಕ್ಕನ ಮುಖ ಬಿಳಿಚಿಕೊಂಡಿತು. "ಕೂತ್ಕೊಳ್ಳೇ, ಹಠಮಾರಿ" ಅಂದಳು ಹಲ್ಲು ಕಚ್ಚಿಕೊಂಡು. ನನಗೆ ಅದು ಬೈಗುಳದ ಹಾಗೆ ಕೇಳಿಸಿತು.

ಬೇರೆ ಯಾರೇ ಕಾವಲಿಗಿದ್ದರೂ ನಾನು ನಡೆದುಕೊಂಡೇ ತಪ್ಪಿಸಿಕೊಳ್ಳುತ್ತಿದ್ದೆ. ಇವಳಿಂದ ತಪ್ಪಿಸಿಕೊಳ್ಳೋಕೆ ಓಡಬೇಕಾಯಿತು. ಎದ್ದೆನೋ ಬಿದ್ದೆನೋ ಅಂತ ಎಡಕ್ಕೆ ನುಗ್ಗಿ, ಅವಳು ಅಡ್ಡ ಬಂದಳು ಅನ್ನುವಾಗ ಬಲಗಾಲು ಊರಿ ಗಕ್ಕನೆ ತಿರುಗಿದೆ. ಒಣಕಡ್ಡಿ ಮುರಿದ ಹಾಗೆ ಲಟ್ ಅಂತು. ಬಿದ್ದ ಮೇಲೆ ಮೊದಲು ಕೇಳಿಸಿದ್ದು ನನ್ನ ಕೂಗಲ್ಲ, ಅಕ್ಕನದು.

ಮ್ಯಾಚ್ ಅವರೇ ಗೆದ್ದರು. ಸ್ಟೇಡಿಯಮ್ಮಿನ ಫಸ್ಟ್ ಏಡ್ ರೂಮಿನ ಮೇಜಿನ ಮೇಲೆ ಮಲಗಿದ್ದೆ, ಆಂಬುಲೆನ್ಸ್ ಬರೋದಿತ್ತು. ಹುರಿ ಪೂರ್ತಿ ಹೋಗಿದೆ ಅಂತ ಮುಟ್ಟಿ ನೋಡಿದವರು ಹೇಳಿಯಾಗಿತ್ತು. ಅಕ್ಕ ಬೆವರು ಒರೆಸದೆ ಓಡಿ ಬಂದು ಮೇಜಿನ ಪಕ್ಕ ಕುಸಿದಳು.

"ಬಾಲ್ ಹಾಕದವಳನ್ನ ನಿಮ್ಮ ಸರ್ ಕೂರಿಸ್ತಾರಲ್ವೇನೇ? ನಿನ್ನ ಕೈಗೆ ಬಾಲ್ ಸಿಗದಿದ್ರೆ ಕೂರ್ತೀಯ, ಕಾಲು ಉಳಿಯುತ್ತೆ ಅಂದ್ಕೊಂಡೆ" ಅಂತ ಬಿಕ್ಕಿದಳು.

ನನಗೆ ಸಿಟ್ಟು, ದುಃಖ, ಎಲ್ಲ ಒಟ್ಟಿಗೆ ಉಕ್ಕಿ ಬಂತು. "ಹತ್ತು ಪಾಯಿಂಟ್ ಬಿಟ್ಟಿದ್ರೆ ನಾನೇ ಕೂರ್ತಿದ್ದೆ ಕಣೇ! ಸರ್ ಹತ್ರ ಮಾತಾಗಿತ್ತು!"

"ಬೆಳಗ್ಗೆ ಬಂದಿದ್ನಲ್ಲೇ. ಹೇಳೋಕೆ ಏನಾಗಿತ್ತು ನಿಂಗೆ?"

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಹೆಂಗಸು ನಿಂತರು. ಕೊರಳಲ್ಲಿ ಆಯ್ಕೆದಾರರ ಬ್ಯಾಡ್ಜು. ನನ್ನತ್ತ ನೋಡಿ "ಅಯ್ಯೋ ಪಾಪ" ಅಂದು, ಅಕ್ಕನ ಕಡೆ ತಿರುಗಿದರು. "ನಾವು ಬಂದಿದ್ದು ನಿನ್ನ ತಂಗೀನ ನೋಡೋಕೆ. ಆದರೆ ಅವಳನ್ನ ಹೀಗೆ ಸೊನ್ನೆಗೆ ನಿಲ್ಲಿಸಿದವರನ್ನ ನಾನು ಎಲ್ಲೂ ಕಂಡಿಲ್ಲಮ್ಮ. ಬರೋ ತಿಂಗಳು ರಾಷ್ಟ್ರೀಯ ತಂಡದ ಕ್ಯಾಂಪಿಗೆ ಬರಬೇಕು."

ಅಕ್ಕ ನನ್ನ ಮುಖ ನೋಡಿದಳು. ಹೋಗು ಅಂತ ನಾನು ಅನ್ನಬೇಕಿತ್ತು, ಅದಕ್ಕೇ ಅವಳು ಕಾಯುತ್ತಿದ್ದಳು. ಒಂದು ಮಾತು, ಅಷ್ಟೇ. ನಾನು ಗೋಡೆ ಕಡೆ ಮುಖ ಮಾಡಿದೆ.

"ಇಲ್ಲ ಮೇಡಂ, ನಾನು ಬರಲ್ಲ" ಅಂದಳು ಅಕ್ಕ.

"ಯೋಚನೆ ಮಾಡಿ ನಾಳೆ ಹೇಳು."

"ಯೋಚನೆ ಮಾಡೋದೇನಿಲ್ಲ ಮೇಡಂ. ಇನ್ನು ಆಡಲ್ಲ ನಾನು."

ಅಷ್ಟು ನೋವಿನಲ್ಲೂ, ಥೂ ನನ್ನ ಜನ್ಮಕ್ಕೆ, ನನಗೆ ಖುಷಿಯಾಯಿತು.