ಯಾರೂ ಬರೆಯದ ಮೇಲ್‌ಗಳು

"ನಿಮ್ಮ ಮನೆಯಿಂದಲೇ ಮೇಡಂ, ಅನುಮಾನವೇ ಇಲ್ಲ," ಎಂದಿತು ಫೋನಿನೊಳಗಿನ ದನಿ. "ದಿನಾ ಸಾವಿರಾರು ಮೇಲ್ ಹೋಗ್ತಿದೆ. ಎಲ್ಲಾ ಮಾತ್ರೆ ಜಾಹೀರಾತು. ಎಂಥಾ ಮಾತ್ರೆ ಅಂತ ಹೇಳೋಕೆ ನಂಗೇ ಸಂಕೋಚ."

ಇಂಟರ್‌ನೆಟ್ ಕಂಪನಿಯವನು. ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಎದ್ದು ಕಿಟಕಿಯ ಬಳಿ ಹೋದಳು. ವಕೀಲರ ಕಚೇರಿಯೊಂದಕ್ಕೆ ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವುದು ಅವಳ ಕೆಲಸ. ಸಾಕ್ಷಿಗಳ ಹೇಳಿಕೆಗಳನ್ನು ಕೇಳಿ, ಒಂದು ಪದವೂ ಬಿಡದಂತೆ ಬರೆದು, ಸಂಜೆಯೊಳಗೆ ಮೇಲ್ ಮಾಡಬೇಕು. ಈಚೆಗೆ ಅವಳು ಕಳಿಸಿದ್ದೆಲ್ಲ ಚೆಂಡಿನ ಹಾಗೆ ವಾಪಸ್ಸು ಬರುತ್ತಿತ್ತು. ಕಾರಣ ಈಗ ತಿಳಿಯಿತು.

"ನಿಮ್ಮ ಲೈನು ಕಪ್ಪುಪಟ್ಟಿಗೆ ಸೇರಿದೆ. ನಿಲ್ಲಲಿಲ್ಲ ಅಂದ್ರೆ ನಾವೂ ಕನೆಕ್ಷನ್ ತೆಗೀಬೇಕಾಗುತ್ತೆ. ಮನೇಲಿ ಇನ್ಯಾರು ಕೂರ್ತಾರೆ ಕಂಪ್ಯೂಟರ್ ಮುಂದೆ?"

"ನೋಡ್ತೀನಿ," ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿ ಫೋನಿಟ್ಟಳು.

ಗಂಡನಿಗೆ ಕಾರ್ಖಾನೆಯಲ್ಲಿ ಯಂತ್ರಗಳ ಮುಖ ನೋಡಿ ನೋಡಿ ಸಾಕಾಗಿರುತ್ತಿತ್ತು, ಮನೆಯಲ್ಲಿ ಕಂಪ್ಯೂಟರಿನ ತಂಟೆಗೇ ಹೋಗುತ್ತಿರಲಿಲ್ಲ. ಮಾವ ಬೆಳಿಗ್ಗೆ ಅದರಲ್ಲಿ ಪೇಪರ್ ಓದುತ್ತಾರೆ, ಅಷ್ಟೆ. ಉಳಿದವಳು ನಾದಿನಿ. ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಬಂದವಳು, ಯಾಕೆ ಬಂದೆ ಎಂಬುದನ್ನು ಇನ್ನೂ ಸರಿಯಾಗಿ ಹೇಳಿರಲಿಲ್ಲ. ಮಧ್ಯಾಹ್ನ ಅತ್ತಿಗೆ ಊಟಕ್ಕೆ ಎದ್ದರೆ ಸಾಕು, ಆ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಹತ್ತಿರ ಹೋದರೆ ಪರದೆಯ ಮೇಲಿದ್ದದ್ದು ಪಟ್ಟನೆ ಮಾಯವಾಗುತ್ತಿತ್ತು.

"ಏನು ಮಾಡ್ತಿದ್ದೆ?" ಎಂದು ಆ ಮಧ್ಯಾಹ್ನ ಕೇಳಿಯೇಬಿಟ್ಟಳು.

"ಏನು ಮಾಡ್ತಿದ್ದೆ ಅಂದ್ರೆ?" ನಾದಿನಿ ಕುರ್ಚಿಯಿಂದ ಎದ್ದಳು. "ಏನಿಲ್ಲ ಅತ್ತಿಗೆ. ಸುಮ್ನೆ."

ಹೇಳಿಕೆಗಳನ್ನು ಕೇಳಿ ಕೇಳಿ ಅವಳ ಕಿವಿಗೆ ಒಂದು ಲೆಕ್ಕಾಚಾರ ಅಂಟಿಕೊಂಡಿತ್ತು. ಸುಳ್ಳು ಹೇಳುವವರು ಮೊದಲು ಪ್ರಶ್ನೆಯನ್ನೇ ತಿರುಗಿ ಹೇಳುತ್ತಾರೆ. ಆಮೇಲೆ 'ಏನಿಲ್ಲ' ಎನ್ನುತ್ತಾರೆ. ಆಮೇಲೆ 'ಸುಮ್ನೆ'. ಮೂರೂ ಸಾಲಾಗಿ ಬಂದಿದ್ದವು.

ಸಂಜೆ ಅವಳು ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದಳು. ಗಂಡನಿಗೆ ಹೇಳಿದಳು. ಪೇಪರ್ ತಪ್ಪಿದರೆ ಮಾವ ದಿನವಿಡೀ ಗೊಣಗುತ್ತಾರೆಂದು ಅವರಿಗೂ ಹೇಳಿಕೊಟ್ಟಳು. ನಾದಿನಿಗೆ ಹೇಳಲಿಲ್ಲ. ಮರುದಿನ ಆಕೆ ಕುರ್ಚಿಯ ಮೇಲೆ ಕೂತು, ಪರದೆ ನೋಡಿ, ಸದ್ದಿಲ್ಲದೆ ಎದ್ದು ಹೋದದ್ದನ್ನು ಅವಳು ಅಡುಗೆಮನೆಯಿಂದಲೇ ನೋಡಿದಳು. ಯಾಕೆ ಎಂದು ಆಕೆ ಕೇಳಲಿಲ್ಲ. ಕೇಳದೇ ಇದ್ದುದೂ ಅನುಮಾನವನ್ನೇ ಹೆಚ್ಚಿಸಿತು.

ಅಷ್ಟಾದರೂ ಮೇಲ್ ನಿಲ್ಲಲಿಲ್ಲ. ಕಂಪನಿಯವನು ಮತ್ತೆ ಫೋನ್ ಮಾಡಿದ. ಅತ್ತ ವಕೀಲರ ಗುಮಾಸ್ತೆ, "ಬೇರೆಯವರನ್ನ ನೋಡ್ಕೊಳ್ಳಿ ಅಂತಿದಾರೆ ಸಾಹೇಬ್ರು," ಎಂದು ಮೆತ್ತಗೆ ಹೇಳಿದಳು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅವಳು ತಟ್ಟೆ ನೋಡುತ್ತ ಗಂಡನಿಗೆ ಹೇಳಿದಳು, "ನಾನು ಯಾರ ಹೆಸರೂ ಹೇಳ್ತಿಲ್ಲ ರೀ. ಆದ್ರೆ ಪಾಸ್‌ವರ್ಡ್ ಯಾರಿಂದಲೋ ಯಾರಿಗೋ ಹೋಗಿದೆ. ಈ ಮನೆಯಿಂದ ಹೊಲಸು ಮಾತ್ರೆ ಮಾರಿ ಯಾರಿಗೋ ಲಾಭ ಆಗ್ತಿದೆ. ನನ್ನ ಕೆಲಸ ಹೋಗ್ತಿದೆ."

ನಾದಿನಿಯ ಕೈ ನಿಂತಿತು. "ನನ್ನನ್ನೇ ಅಂತಿದೀರಲ್ವಾ ಅತ್ತಿಗೆ?"

"ಹೆಸರು ಹೇಳಿಲ್ಲ ಅಂದೆನಲ್ಲ."

"ಹೇಳಿದ್ರೇ ವಾಸಿಯಿತ್ತು. ಇಸ್ಪೀಟು ಆಡ್ತಿದ್ದೆ, ಅತ್ತಿಗೆ. ಒಬ್ಬಳೇ ಆಡೋ ಇಸ್ಪೀಟು. ನೀವು ಅಷ್ಟು ಕೆಲಸ ಮಾಡೋ ಕುರ್ಚಿ ಮೇಲೆ ನಾನು ಆಟ ಆಡೋದು ಕಂಡ್ರೆ ಏನಂದ್ಕೋತೀರೋ ಅಂತ ಮುಚ್ಚಿಡ್ತಿದ್ದೆ."

"ಇಸ್ಪೀಟಾ!" ಗಂಡ ನಗಲು ಹೋಗಿ, ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಮಾವ ತಲೆಯೆತ್ತದೆ ಉಂಡರು. ಅವಳು ನಂಬಲಿಲ್ಲ.

ಭಾನುವಾರ ರಿಪೇರಿಯವನು ಬಂದ. ಚಹಾ ಕುಡಿಯುತ್ತ, ಕೀಲಿಮಣೆ ಕುಟ್ಟುತ್ತ, ತುಂಬ ಹೊತ್ತು ನೋಡಿದ.

"ಇದಕ್ಕೆ ಯಜಮಾನರು ನೀವಲ್ಲ ಮೇಡಂ. ಎಲ್ಲೋ ಕೂತವನು ಯಾವನೋ ಓಡಿಸ್ತಿದಾನೆ. ಇಂಥ ಎಷ್ಟೋ ಮನೆಗಳ ಕಂಪ್ಯೂಟರ್ ಅವನ ಕೈಲಿರುತ್ತೆ. ಮಾಲು ಅವನದು, ಕರೆಂಟು ನಿಮ್ಮದು." ತನ್ನ ಮಾತಿಗೆ ತಾನೇ ನಕ್ಕ. "ಆದ್ರೆ ಬಾಗಿಲು ಒಳಗಿನಿಂದ ಯಾರೋ ತೆಗೆದಿರಬೇಕು."

ಅವಳ ಕಣ್ಣು ತಾನಾಗಿ ನಾದಿನಿಯತ್ತ ಹೋಯಿತು. ಆಕೆ ಗೋಡೆಗೆ ಒರಗಿ ನಿಂತಿದ್ದಳು.

ಅಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಎದ್ದಿತು. 'ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ. ಸರಿಪಡಿಸಲು ಅನುಮತಿ ನೀಡುವಿರಾ?' ರಿಪೇರಿಯವನು ಬಾಯಿ ತೆರೆಯುವ ಮೊದಲೇ ಅವನ ಭುಜದ ಮೇಲಿಂದ ಒಂದು ಕೈ ಬಂದು, ಮೌಸ್ ಹಿಡಿದು, 'ಹೌದು' ಎಂಬುದನ್ನು ಒತ್ತಿತು.

ಮಾವ.

"ಅಯ್ಯೋ, ಏನ್ ಮಾಡಿದ್ರಿ ಅಜ್ಜಾರೇ!"

"ಏನು ಮಾಡೋದು, ಒಪ್ಪಿಗೆ ಕೊಟ್ಟೆ," ಎಂದರು ಮಾವ. "ದಿನಾ ಬೆಳಿಗ್ಗೆ ನಾಲ್ಕೈದು ಬಂದು ನಿಂತಿರ್ತವೆ. ಎಲ್ಲಾ ಪಾಸ್ ಮಾಡಿಯೇ ನಾನು ಪೇಪರ್ ತೆಗೆಯೋದು. ಲೈಸೆನ್ಸ್ ಆಫೀಸಲ್ಲಿ ಅಷ್ಟು ವರ್ಷ ಕೂತೆ, ಒಂದು ಅರ್ಜೀನೂ ನನ್ನ ಮೇಜಿನ ಮೇಲೆ ರಾತ್ರಿ ಕಳೀಲಿಲ್ಲ. ಪಾಪ, ಅಷ್ಟು ಮರ್ಯಾದೆಯಿಂದ ಕೇಳ್ತವೆ. ಕಾಯಿಸೋದು ಸರೀನಾ?"

ಗಂಡ ಈ ಸಲ ತಡೆಯದೆ ನಕ್ಕ. ರಿಪೇರಿಯವನೂ ನಕ್ಕ. ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಮಾವ ಒಬ್ಬೊಬ್ಬರ ಮುಖವನ್ನೇ ನೋಡಿದರು. ಅವಳು ಗೋಡೆಯ ಕಡೆ ತಿರುಗಿದಳು. ನಾದಿನಿ ಅಲ್ಲಿರಲಿಲ್ಲ.

ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟು ರಿಪೇರಿಯವನು ಹೋದ. ಅವಳು ಹಿತ್ತಲಿಗೆ ಹೋದಾಗ ನಾದಿನಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ನಾನು ದುಡುಕಿಬಿಟ್ಟೆ ಕಣೇ. ಮನಸ್ಸಲ್ಲಿ ಇಟ್ಕೋಬೇಡ."

"ಪರವಾಗಿಲ್ಲ ಅತ್ತಿಗೆ. ನಿಮ್ಮ ಕೆಲಸ ಹೋಗೋ ಹಾಗಿತ್ತಲ್ಲ."

"ಹೊಸ ಪಾಸ್‌ವರ್ಡ್ ನಿಂಗೂ ಹೇಳ್ತೀನಿ."

"ಬೇಡ," ಎಂದಳು ನಾದಿನಿ, ಅಂಗಿಯ ತೋಳು ನೇರ ಮಾಡುತ್ತ. "ನಂಗೆ ಗೊತ್ತಿಲ್ದೇ ಇರೋದೇ ಒಳ್ಳೇದು."

ಕೆಲವು ದಿನಗಳಲ್ಲಿ ಲೈನು ಕಪ್ಪುಪಟ್ಟಿಯಿಂದ ಹೊರಬಂತು. ಕಳಿಸಿದ ಮೇಲ್‌ಗಳು ವಾಪಸ್ಸು ಬರಲಿಲ್ಲ. ವಕೀಲರ ಕಚೇರಿಯಿಂದ ಮತ್ತೆ ಹೇಳಿಕೆಗಳು ಬರತೊಡಗಿದವು. ಒಂದು ಮಧ್ಯಾಹ್ನ ಯಾರದೋ ಸಾಕ್ಷಿಯನ್ನು ಕೇಳುತ್ತ ಟೈಪ್ ಮಾಡುತ್ತಿದ್ದವಳು, ಬಾಗಿಲಲ್ಲಿ ಯಾರೋ ನಿಂತಂತೆನಿಸಿ ಹೆಡ್‌ಫೋನ್ ತೆಗೆದಳು.

ನಾದಿನಿ ನಿಂತಿದ್ದಳು, ಕೈಯಲ್ಲಿ ಖಾಲಿ ಲೋಟ.

"ಅತ್ತಿಗೆ, ಸ್ವಲ್ಪ ನೀರು ತಗೊಳ್ಳಲಾ?"

"ಇದೇನೇ ಇದು, ನೀರು ಕುಡಿಯೋಕೂ ಕೇಳ್ತಾರಾ?"

ನಾದಿನಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಸಿಲಿನಾಚೆಯೇ ನಿಂತು ಕಾದಳು.